ಇಲ್ಲಿ ಅಳಿಸಿದರೆ ಅಲ್ಲಿಯೂ

ಮನೆಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟದ್ದು ಅವಳು ಮಾತಿನಮಲ್ಲಿ ಎಂದಲ್ಲ. ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಕವುಚಿಟ್ಟ ಮೇಲೆ ಅವಳು ಮಲಗುವ ಕೋಣೆಯ ಅಲಮಾರಿ ತೆರೆದು, ಮಡಿಸಿಟ್ಟ ಹೊದಿಕೆಗಳ ನಡುವೆ ತಲೆ ತೂರಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಬಟ್ಟೆಗಳ ನಡುವೆ ದನಿ ಪ್ರತಿಧ್ವನಿಸುವುದಿಲ್ಲ. ಹಿಂದಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಬೆನ್ನು ಮತ್ತು ಹಿಮ್ಮಡಿ ಮಾತ್ರ. “ಅಲಮಾರಿಯಿಂದ ವಾರ್ತೆ ಬರ್ತಿದೆ, ಕೇಳಿ” ಎಂದು ಮೊದಲ ದಿನವೇ ಗಂಡ ನಕ್ಕಿದ್ದ. ಹೆಸರು ಅಂಟಿಕೊಂಡಿತು.

ಅವಳು ಹೀಗೆ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದದ್ದು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಬೇಕಾದ ಪಠ್ಯಪುಸ್ತಕಗಳನ್ನು. ಸಂಬಳವಿಲ್ಲದ ಕಾರಣ ಮನೆಯಲ್ಲಿ ಅದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ಹಾಗೆ ನೋಡಿದರೆ, ಅವಳ ಅಡುಗೆಯನ್ನೂ ಯಾರೂ ಕೆಲಸ ಎಂದಿರಲಿಲ್ಲ. ಈ ಸಲ ಕೈಯಲ್ಲಿದ್ದದ್ದು ಸಾಕ್ಷ್ಯ ಕಾನೂನಿನ ದಪ್ಪ ಪುಸ್ತಕ. ಕೇಳಬೇಕಾದವಳು ಕಾನೂನು ಓದುವ ಒಬ್ಬ ಹುಡುಗಿ, ಪರೀಕ್ಷೆ ಮುಂದಿನ ತಿಂಗಳು. “ನಿಮ್ಮ ದನೀನ ಎರಡು ಪಟ್ಟು ಸ್ಪೀಡಲ್ಲಿ ಓಡಿಸಿ ಕೇಳ್ತೀನಕ್ಕಾ, ಅಳಿಲು ವಕೀಲಿ ಮಾಡಿದ ಹಾಗಿರತ್ತೆ” ಎಂದು ಅವಳು ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಮೊದಲಿನ ಕೆಲವು ಅಧ್ಯಾಯಗಳು ಅವಳಿಗೆ ತಲುಪಿದ್ದವು. ಉಳಿದವನ್ನು ರೇಡಿಯೋ ಓದಿ ಮುಗಿಸಿದ್ದಳು, ಕಳಿಸಿರಲಿಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ, ಅತ್ತೆಯ ಕೆಮ್ಮು, ಗೇಟಿನ ಕಿರುಗುಟ್ಟು ಇವನ್ನೆಲ್ಲ ಕತ್ತರಿಸಿ ಚೊಕ್ಕ ಮಾಡಿಯೇ ಕಳಿಸಬೇಕೆಂಬುದು ಅವಳ ಹಟ.

ತೊಂದರೆ ಇದ್ದದ್ದು ಫೋನಿನಲ್ಲಿ. ಹೆಸರಿಗೆ ಅವಳದು, ಬಳಕೆಗೆ ಎಲ್ಲರದು. ಅತ್ತೆ ಅದರಲ್ಲಿ ವಿಡಿಯೋ ನೋಡುತ್ತಿದ್ದರು, ಗಂಡ ತನ್ನ ಫೋನಿನ ಚಾರ್ಜು ಉಳಿಸಲು ಇದರಲ್ಲೇ ಆಟ ನೋಡುತ್ತಿದ್ದ. ಜಾಗ ಸಾಲದು ಎಂದು ಫೋನು ಕೂಗಿಕೊಂಡಾಗಲೆಲ್ಲ ತೆಗೆಯಬೇಕಾದದ್ದು ಅವಳ ಓದು. ಫ್ರಿಜ್ಜಿನಲ್ಲೂ ಅದೇ ಕಥೆ: ಜಾಗ ಬೇಕಾದಾಗ ಮೊದಲು ಹೊರಬೀಳುವುದು ಅವಳು ತನಗೆಂದು ಎತ್ತಿಟ್ಟದ್ದು.

ಲ್ಯಾಪ್‌ಟಾಪು ಮಾತ್ರ ನಿಜವಾಗಿ ಅವಳದು. ಮೈದುನ ಬೇಡವೆಂದು ಬಿಟ್ಟುಹೋದ ಹಳೆಯ ಯಂತ್ರ. ರಿಪೇರಿ ಅಂಗಡಿಯವನು ಅದರಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ ಮೇಲೆ ಮನೆಯವರ ಆಟಗಳು ಅದರಲ್ಲಿ ಓಡಲಿಲ್ಲ. ಹಾಗಾಗಿ ಯಾರೂ ಮುಟ್ಟಲಿಲ್ಲ. ಹಲ್ಲುಜ್ಜುವ ಬ್ರಷ್ಷು ಬಿಟ್ಟರೆ ಆ ಮನೆಯಲ್ಲಿ ಅವಳೊಬ್ಬಳೇ ಬಳಸುತ್ತಿದ್ದ ವಸ್ತು ಅದು.

ಫೋನಿನಲ್ಲಿ ಓದಿದ್ದು ತಾನಾಗಿಯೇ ಲ್ಯಾಪ್‌ಟಾಪಿಗೆ ಬಂದು ಕೂರುವ ಸಾಫ್ಟ್‌ವೇರ್ ಇದೆ ಎಂದು ಓದಿ ತಿಳಿದ ಅವಳು, ಒಂದು ಬೆಳಗ್ಗೆ ಅಡುಗೆಮನೆಯ ಮೇಜಿನ ಮುಂದೆಯೇ ಅದನ್ನು ಹಾಕಲು ಕೂತಳು. ಒಲೆಯ ಮೇಲೆ ಹಾಲು, ಪಕ್ಕದಲ್ಲಿ ಅರ್ಧ ಹೆಚ್ಚಿದ ತರಕಾರಿ. ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಒಂದೊಂದಾಗಿ ಟೈಪ್ ಮಾಡಿದಳು. ಅಕ್ಷರ ತಪ್ಪಿದರೆ ಆ ಪರದೆ ಮುಖ ಊದಿಸಿಕೊಳ್ಳುತ್ತಿರಲಿಲ್ಲ, ಇಂಥಲ್ಲಿ ತಪ್ಪಿದೆ ಎನ್ನುತ್ತಿತ್ತು. ಹಾಗೆ ತಿದ್ದುವವರ ಜೊತೆ ಕೆಲಸ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಹಿತವೆನಿಸಿತು. ಲ್ಯಾಪ್‌ಟಾಪು ತೋರಿಸಿದ ಕ್ಯೂಆರ್ ಚೌಕಕ್ಕೆ ಫೋನಿನ ಕ್ಯಾಮೆರಾ ಹಿಡಿದಾಗ ಎರಡೂ ಒಂದನ್ನೊಂದು ಗುರುತಿಸಿದವು. ಯಾವ ಫೋಲ್ಡರ್ ಎಂದು ಕೇಳಿತು, ತೋರಿಸಿದಳು. ಅಳಿಸಿದ ಫೈಲುಗಳ ಹಳೆಯ ಪ್ರತಿ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ಬರುವಷ್ಟರಲ್ಲಿ,

“ಲೇ, ಹಾಲು ಉಕ್ತಿದೆ! ಕಂಪ್ಯೂಟರ್ ಮುಂದೆ ಕೂತ್ರೆ ಮೂಗೂ ಕೆಲಸ ಮಾಡಲ್ವಾ?” ಎಂದು ಅತ್ತೆ ನಡುಮನೆಯಿಂದ ಕೂಗಿದರು. ಕೂತಲ್ಲಿಂದಲೇ ವಾಸನೆ ಹಿಡಿದಿದ್ದರು. ರೇಡಿಯೋ ಆ ಪ್ರಶ್ನೆಯನ್ನು ಹಾಗೇ ಬಿಟ್ಟು, ಉಳಿಸು ಎಂಬುದನ್ನು ಒತ್ತಿ ಒಲೆಯ ಕಡೆ ಓಡಿದಳು.

ಒಲೆ ಒರೆಸಿ ಬಂದು ನೋಡಿದರೆ ಓದಿದ ಅಧ್ಯಾಯಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಕೂತಿದ್ದವು. ಆ ಸಂಜೆ ಬಟ್ಟೆ ನೆನೆಹಾಕುತ್ತಾ ಗಂಡನಿಗೂ ಹೇಳಿದಳು.

“ರೀ, ಇನ್ಮೇಲೆ ಫೋನಲ್ಲಿರೋ ನನ್ನ ಓದೆಲ್ಲ ಲ್ಯಾಪ್‌ಟಾಪಲ್ಲೂ ಇರತ್ತೆ.”

“ಹಾಗಾದ್ರೆ ಫೋನಲ್ಲಿ ಇರೋದು ದಂಡ ಅಲ್ವಾ?”

“ಹೂಂ” ಎಂದಳು ಅವಳು, ಗಮನವೆಲ್ಲ ಕಾಲರಿನ ಕೊಳೆಯ ಮೇಲೆ.

ಗಂಡ ಬಸ್ ಡಿಪೋದ ಉಗ್ರಾಣ ನೋಡಿಕೊಳ್ಳುವವನು. ಬೇಡದ ಸಾಮಾನು ಎಸೆದು ಕಪಾಟು ಖಾಲಿ ಮಾಡುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾತ್ರ ಆ ಕೈ ಏಳುತ್ತಿರಲಿಲ್ಲ. ಅವನು ಯಾರೂ ಹೇಳದೆ ಸ್ವಚ್ಛ ಮಾಡಿದ್ದು ಒಂದೇ ಒಂದು ವಸ್ತುವನ್ನು, ಅದು ಈ ಫೋನು. ಭಾನುವಾರ ಅವಳು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಆ ಕೆಲಸ ಮುಗಿಸಿದ. ಫೋನಿನೊಳಗಿನ ಕಸದಬುಟ್ಟಿಯನ್ನೂ ಖಾಲಿ ಮಾಡಿದ, ಅರೆಬರೆ ಕೆಲಸ ಅವನಿಗೆ ಆಗದು.

“ನೋಡೇ, ಫೋನು ಹೂವಿನ ಹಾಗೆ ಹಗುರ ಆಗಿದೆ. ನಾನೇನೂ ಸಹಾಯ ಮಾಡಲ್ಲ ಅಂತೀಯಲ್ಲ!”

ಅವಳು ಬಟ್ಟೆಯ ಖಾಲಿ ಬುಟ್ಟಿ ಕೆಳಗಿಟ್ಟು ಲ್ಯಾಪ್‌ಟಾಪು ತೆರೆದಳು. ಫೋಲ್ಡರ್ ಇತ್ತು. ಒಳಗೆ ಏನೂ ಇರಲಿಲ್ಲ.

“ಅದ್ರಲ್ಲಿ ಇರತ್ತೆ ಅಂದ್ಯಲ್ಲ?” ಅವನ ದನಿ ಇಳಿಯಿತು.

“ಇತ್ತು. ನೀವು ಇಲ್ಲಿ ಅಳಿಸಿದ್ರಿ, ಅದು ಅಲ್ಲೂ ಅಳಿಸ್ತು. ಎರಡನ್ನೂ ಒಂದೇ ಥರ ಇಡೋದೇ ಅದರ ಕೆಲಸ.”

“ಎಂಥ ಪೆದ್ದು ಸಾಫ್ಟ್‌ವೇರ್ ಅದು! ಅಳಿಸೋ ಮುಂಚೆ ಒಂದು ಮಾತು ಕೇಳಬಾರ್ದಾ?”

“ನೀವು ಕೇಳಿದ್ರಾ?”

ಅತ್ತೆ ನಡುವೆ ಬಾಯಿ ಹಾಕಿದರು: “ಇನ್ನೊಂದ್ಸಲ ಓದಿದ್ರಾಯ್ತು ಬಿಡು. ಓದಿದ್ರೆ ಬಾಯಿ ಸವೆಯತ್ತಾ?”

ಅವಳು ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

“ಎಲ್ಲಾ ಓದಿ ಆಗಿತ್ತಾ ಅಕ್ಕಾ? ಮತ್ತೆ ಯಾಕೆ ಕಳಿಸ್ಲಿಲ್ಲ?”

“ಸದ್ದುಗದ್ದಲ ತೆಗೀಬೇಕಿತ್ತು. ಕುಕ್ಕರು, ಕೆಮ್ಮು…”

“ಅಯ್ಯೋ, ಕುಕ್ಕರ್ ಕೂಗಿದ್ರೆ ನನ್ನ ಪರೀಕ್ಷೆಗೇನು? ಇನ್ಮೇಲೆ ಓದಿದ್ದನ್ನ ಹಾಗೇ ಕಳಿಸ್ಬಿಡಿ ಅಕ್ಕಾ. ನನ್ನ ಹತ್ರ ಸಮಯ ಇಲ್ಲ.”

ಮನೆಯ ಸದ್ದು ಹೊರಗೆ ಕೇಳಬಾರದೆಂದು ತಾನು ಎಷ್ಟು ಮಧ್ಯಾಹ್ನ ಕಳೆದೆ ಎಂದು ಅವಳಿಗೆ ಆಗ ಹೊಳೆಯಿತು. ಆದರೆ ಕತ್ತರಿಸುವ ಕೆಲಸ ಬಿಟ್ಟರೂ, ಪಾತ್ರೆ ತೊಳೆದು ಉಳಿದ ಹೊತ್ತಿನಲ್ಲಿ ಆ ಪುಸ್ತಕ ಪರೀಕ್ಷೆಯೊಳಗೆ ಮುಗಿಯುವಂಥದ್ದಲ್ಲ. ಮೊದಲು ಲ್ಯಾಪ್‌ಟಾಪಿನಲ್ಲಿ, ಅಂದು ಬಿಟ್ಟುಬಂದ ಪ್ರಶ್ನೆಗೆ ಹೋಗಿ, ಅಳಿಸಿದ್ದರ ಪ್ರತಿ ಇಟ್ಟುಕೋ ಎಂದು ಗುರುತು ಹಾಕಿದಳು. ಒಂದು ಖಾಲಿ ಫೈಲು ಮಾಡಿ, ಫೋನಿನಿಂದ ಅಳಿಸಿ, ಲ್ಯಾಪ್‌ಟಾಪಿನಲ್ಲಿ ಪ್ರತಿ ಉಳಿದಿದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ನಡುಮನೆಗೆ ಬಂದಳು.

“ಪರೀಕ್ಷೆ ಮುಗಿಯೋವರೆಗೂ ಬೆಳಗಿನ ಹೊತ್ತು ನನಗೆ ಬೇಕು. ತಿಂಡಿ, ಅಡುಗೆ, ನಿಮ್ಮ ಡಬ್ಬಿ, ಅತ್ತೆಗೆ ಬಿಸಿನೀರು, ಎಲ್ಲಾ ನಿಮ್ದು.”

“ನನಗೆಲ್ಲಿ ಬರತ್ತೇ ಅಡುಗೆ!”

“ನನಗೂ ಈ ಸಾಫ್ಟ್‌ವೇರ್ ಹಾಕೋದು ಬರ್ತಿರ್ಲಿಲ್ಲ. ಓದಿ ಕಲಿತೆ.”

“ಅವನು ಬೇಯಿಸಿದ್ದನ್ನ ನಾನು ತಿನ್ಬೇಕಾ?” ಎಂದರು ಅತ್ತೆ.

“ನೀವೇ ಹೆತ್ತ ಮಗ ಅಲ್ವಾ ಅತ್ತೆ, ಧೈರ್ಯವಾಗಿ ತಿನ್ನಿ.”

ಮರುದಿನದಿಂದ ಗಂಡ ಸೌಟು ಹಿಡಿದ. ತಳ ಹಿಡಿಸಿದ, ಕೈ ಸುಟ್ಟುಕೊಂಡ, ಡಬ್ಬಿ ಮರೆತು ಡಿಪೋಗೆ ಹೋದ. ಅವಳು ಅಲಮಾರಿಯಿಂದ ತಲೆ ಹೊರತೆಗೆಯಲಿಲ್ಲ. ಓದಿದ ಅಧ್ಯಾಯಗಳನ್ನು ಏನೊಂದೂ ಕತ್ತರಿಸದೆ ಅಂದಂದೇ ಕಳಿಸಿದಳು. ಕೊನೆಯ ಎರಡು ಅಧ್ಯಾಯಗಳಿಗೆ ಹೊತ್ತು ಸಾಲಲಿಲ್ಲ. ಅವನ್ನು ಹುಡುಗಿ ಗೆಳತಿಯಿಂದ ಓದಿಸಿಕೊಂಡಳು.

ಪರೀಕ್ಷೆ ಮುಗಿದ ಸಂಜೆ ಹುಡುಗಿಯ ಫೋನು ಬಂತು.

“ಚೆನ್ನಾಗಿ ಬರೆದೆ ಅಕ್ಕಾ. ಒಂದು ಕೇಳ್ಬೇಕಿತ್ತು. ತಪ್ಪೊಪ್ಪಿಗೆ ಅಧ್ಯಾಯದ ಮಧ್ಯೆ ಯಾರೋ ಗಂಡಸರು ‘ಉಪ್ಪೆಲ್ಲಿದೆ, ಉಪ್ಪೆಲ್ಲಿದೆ’ ಅಂತ ಕೂಗ್ತಾನೇ ಇರ್ತಾರೆ. ನೀವು ಓದ್ತಾನೇ ಇರ್ತೀರಿ. ಕೊನೆಗೂ ಹೇಳಿದ್ರಾ?”

“ಇಲ್ಲ” ಎಂದಳು ರೇಡಿಯೋ. “ಅವರೇ ಹುಡುಕಿಕೊಂಡ್ರು.”