ಕಲ್ಯಾಣದುರ್ಗಕ್ಕೆ ಬಂದ ಹಾಯಿದೋಣಿಯ ಬಲ್ಬು

ಅಕ್ಕನ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದರೆ ಜರಡಿಯಂತೆ ಕಾಣುತ್ತಿತ್ತು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ಆದ ತೂತುಗಳು, ಒಂದೊಂದೂ ಸಾಸಿವೆ ಕಾಳಿನಷ್ಟು. ಕೈಬೆರಳುಗಳಲ್ಲಿ ಗ್ರೀಸು, ಉಗುರುಗಳಲ್ಲಿ ಮಸಿ. ಆದರೆ ಹಣೆಯ ಮೇಲೆ ಮಾತ್ರ ರೂಪಾಯಿ ಅಗಲದ ಕುಂಕುಮ, ಯಾವ ಹೊತ್ತಿಗೆ ಹೋದರೂ ಈಗ ತಾನೇ ಇಟ್ಟುಕೊಂಡಂತೆ! ಹಿಂದೂಪುರದ ಲಾರಿ ಸ್ಟ್ಯಾಂಡಿನ ಪಕ್ಕದಲ್ಲಿ ಆಕೆಯ ಅಂಗಡಿ. ತನ್ನ ಅಪ್ಪನಿಂದ ಕಲಿತ ಕೆಲಸ, ಅವರೇ ಬಿಟ್ಟುಹೋದ ಅಂಗಡಿ. ಊರಿಗೆಲ್ಲ ಬ್ಯಾಟರಿ ಅಕ್ಕ. ಒಡಹುಟ್ಟಿದವಳಲ್ಲದಿದ್ದರೂ ನನಗೆ ಬರೀ ಅಕ್ಕ.

ಲಾರಿ ಬಂದು ನಿಂತರೆ ಬಾನೆಟ್ಟು ಎತ್ತುವ ಮಾತೇ ಇಲ್ಲ. ಮೊದಲು ಕಣ್ಣು ಮುಚ್ಚುತ್ತಿದ್ದಳು. "ಸೆಲ್ಫ್ ಹೊಡಿಯಪ್ಪಾ" ಅನ್ನುತ್ತಿದ್ದಳು. ಸ್ಟಾರ್ಟರಿನ ಆ ಸದ್ದು ಕೇಳಿ, "ಬ್ಯಾಟ್ರಿ ಗಟ್ಟಿಗೈತೆ. ವೈರು ಲೂಸಾಗೈತೆ, ನೋಡ್ಕೋ" ಅಂದರೆ ಮುಗಿಯಿತು, ಅಲ್ಲೇ ಇರುತ್ತಿತ್ತು ರೋಗ. ಆಕೆಯ ಎರಡರಷ್ಟು ಎತ್ತರದ ಡ್ರೈವರುಗಳು ಪರೀಕ್ಷೆಗೆ ಬಂದವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಎಂಥ ತೊಂದರೆ ತಂದರೂ ಆಕೆಯದು ಒಂದೇ ತೆಲುಗು ಮಾತು: "ಏಂ ಕಾದು ಪೋ." ಏನೂ ಆಗಲ್ಲ, ಹೋಗು. ಮನೆಯಲ್ಲಿ ಕನ್ನಡ, ಜಗಳಕ್ಕೆ ಕನ್ನಡ, ಧೈರ್ಯ ಹೇಳುವುದಕ್ಕೆ ಮಾತ್ರ ತೆಲುಗು!

ನನ್ನದು ಮ್ಯಾಚಿಂಗ್ ವ್ಯಾನು. ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು, ದಾರ, ಎಲ್ಲವನ್ನೂ ಒಂದು ಹಳೆಯ ವ್ಯಾನಿನಲ್ಲಿ ತುಂಬಿಕೊಂಡು ವಾರದಲ್ಲಿ ಮೂರು ದಿನ ಹಿಂದೂಪುರ, ಮೂರು ದಿನ ಕಲ್ಯಾಣದುರ್ಗ. ಕಲ್ಯಾಣದುರ್ಗದಲ್ಲಿ ಚಿಕ್ಕಮ್ಮನ ಮನೆ ಇರುವುದರಿಂದ ಉಳಿಯುವುದಕ್ಕೆ ಚಿಂತೆಯಿಲ್ಲ. ಚಿಂತೆಯೆಲ್ಲ ವ್ಯಾನಿನ ಚಾವಣಿಯ ಆರು ಹ್ಯಾಲೋಜನ್ ದೀಪಗಳದು. ಅಬ್ಬಬ್ಬಾ, ಆ ಶಾಖ! ಸೀರೆ ತಂದ ಹೆಂಗಸರು ಸೆರಗಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಬ್ಯಾಟರಿ ಸತ್ತು, ಬಂದ ಗಿರಾಕಿಗಳೇ ವ್ಯಾನು ತಳ್ಳಬೇಕು. ಪಾಪ, ಒಂದು ರವಿಕೆ ಬಟ್ಟೆಗೆ ಬಂದವರು ಬಸ್ ಸ್ಟ್ಯಾಂಡಿನವರೆಗೂ ತಳ್ಳಿದ್ದುಂಟು.

ಅಕ್ಕನ ಹತ್ತಿರ ಗೋಳಾಡಿದೆ. "ಏಂ ಕಾದು ಪೋ. ಎಲ್ಲಾ ಕಿತ್ತಾಕಿ ಎಲ್ಇಡಿ ಹಾಕ್ಬುಡ್ತೀನಿ" ಅಂದಳು. ಒಂದೇ ಮಧ್ಯಾಹ್ನದಲ್ಲಿ ಹಾಕಿಯೂ ಬಿಟ್ಟಳು. ಸ್ವಿಚ್ಚು ಒತ್ತಿದರೆ, ಏನು ಹೇಳಲಿ, ಹಾಲು ಚೆಲ್ಲಿದಂಥ ಬೆಳಕು! ಶಾಖವಿಲ್ಲ, ಸಂಜೆಯವರೆಗೂ ಫ್ಯಾನು ತಿರುಗಿದರೂ ಬ್ಯಾಟರಿ ಜಪ್ಪಯ್ಯ ಅನ್ನಲಿಲ್ಲ. ಕುಣಿಯುವುದೊಂದು ಬಾಕಿ ನನಗೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಬಣ್ಣ ಹೊಂದಿಸಿದ ಮೇಲೆ ಸೀರೆಯನ್ನೂ ಬಟ್ಟೆಯನ್ನೂ ಬಾಗಿಲಿಗೆ ತಂದು ಬಿಸಿಲಿನಲ್ಲಿ ಒಮ್ಮೆ ನೋಡಿಯೇ ಕತ್ತರಿ ಹಾಕಬೇಕು. ಅಷ್ಟು ಬೆಳಕು ಒಳಗೇ ಇರುವಾಗ ಬಾಗಿಲೇಕೆ ಅಂತ ನಾನು ಆ ಪದ್ಧತಿಯನ್ನೇ ಬಿಟ್ಟೆ.

ಆ ವಾರವೇ ಕಲ್ಯಾಣದುರ್ಗದ ಒಂದು ಮದುವೆ ಮನೆಯಿಂದ ಕರೆ. ಹೆಣ್ಣಿನದು ಕುಂಕುಮದ ಬಣ್ಣದ ರೇಷ್ಮೆ ಸೀರೆ. ಧಾರೆಯ ಹೊತ್ತಿಗೆ ಮನೆಯ ಹನ್ನೊಂದು ಹೆಂಗಸರೂ ಅದೇ ಕೆಂಪಿನ ರವಿಕೆ ತೊಡಬೇಕೆಂದು ಹುಡುಗಿಯ ದೊಡ್ಡಮ್ಮನ ಆಸೆ. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು. ಇದೊಂದು ಚೆನ್ನಾಗಿ ಆದರೆ ಆ ಊರಿನ ಮದುವೆಗಳೆಲ್ಲ ನನ್ನ ವ್ಯಾನಿಗೆ, ಕೆಟ್ಟರೆ ಮತ್ತೆ ಆ ಊರಿಗೆ ಕಾಲಿಡುವಂತಿಲ್ಲ. ವ್ಯಾನಿನ ಬೆಳಕಿನಲ್ಲೇ ಸೀರೆ ಹಿಡಿದು, ರವಿಕೆ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಇಟ್ಟು ನೋಡಿ, ಒಂದನ್ನು ಆರಿಸಿ ಕೊಟ್ಟೆ. ಎರಡೂ ಒಂದೇ ಮಗ್ಗದಿಂದ ಬಂದ ಹಾಗಿದ್ದವು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಸೀರೆಯನ್ನೂ ಬಟ್ಟೆಯ ಗಂಟನ್ನೂ ಹೊತ್ತು ವ್ಯಾನಿನ ಮುಂದೆ ನಿಂತಿದ್ದರು. ಬಿಸಿಲಿನಲ್ಲಿ ಬಿಡಿಸಿ ತೋರಿಸಿದರು. "ಇದಿ ಎರುಪಾ? ಕೆಂಪೇನಮ್ಮಾ ಇದು? ಹುಣಸೆಹಣ್ಣಿನ್ ಬಣ್ಣ ಕಣಮ್ಮ! ನಮ್ ಹುಡ್ಗಿ ಧಾರೆಗೆ ಹುಣಸೆಹಣ್ಣು ತೊಟ್ಕೊಂಡ್ ನಿಂತ್ಕಳಾದಾ ನಾವು?"

ನಿಜ. ಸೀರೆ ಕುಂಕುಮ, ಬಟ್ಟೆ ಹುಣಸೆಹಣ್ಣು. ಎರಡು ರವಿಕೆ ಆಗಲೇ ದರ್ಜಿಯ ಕತ್ತರಿಗೆ ಬಿದ್ದಿದ್ದವು. ಮದುವೆಗೆ ಐದು ದಿನ. ಸೀರೆ ಬಟ್ಟೆ ಎರಡನ್ನೂ ವ್ಯಾನಿನೊಳಗೆ ತಂದು ದೀಪ ಹಾಕಿದರೆ ಮತ್ತೆ ಒಂದೇ ಬಣ್ಣ! ಆಗ ತಿಳಿಯಿತು ಕಿತಾಪತಿ ಯಾರದೆಂದು. ಫೋನು ತೆಗೆದು ಅಕ್ಕನ ಮೇಲೆ ಹರಿಹಾಯ್ದೆ.

"ನಿನ್ ಲೈಟು ನನ್ ಮಾನ ಕಳೀತು ಕಣಕ್ಕಾ! ಕೆಂಪನ್ನೇ ತೋರ್ಸಲ್ಲ ಅದು! ಇನ್ಮ್ಯಾಕೆ ನಿನ್ ಅಂಗ್ಡಿ ತಾವ ಬರಲ್ಲ, ನಿನ್ ಮುಖಾನೂ ನೋಡಲ್ಲ!"

ಬಾಗಿಲಿಗೆ ತಂದು ನೋಡದ ತಪ್ಪು ನನ್ನದೂ ಹೌದು ಅನ್ನುವುದನ್ನು ನಾನು ಬಾಯಿಬಿಡಲಿಲ್ಲ. ಅಕ್ಕ, "ತಪ್ಪು ನಂದೇ ಕಣಮ್ಮ. ಬೆಳಕು ಎಷ್ಟು ಬತ್ತದೆ ಅಂತ ನೋಡ್ದೆ, ಎಂಥಾದ್ದು ಬತ್ತದೆ ಅಂತ ನೋಡ್ಲಿಲ್ಲ. ಎಲ್ಡು ದಿನ ತಡ್ಕೋ, ಬತ್ತೀನಿ" ಅಂದಳು. "ಏಂ ಕಾದು ಪೋ" ಅನ್ನಲಿಲ್ಲ. ಅದನ್ನು ಅನ್ನದೆ ಆಕೆ ಫೋನು ಇಟ್ಟದ್ದು ಅದೇ ಮೊದಲು. ನನಗೆ ಅಳುವೇ ಬಂತು.

ದೊಡ್ಡಮ್ಮನ ಕಾಲು ಹಿಡಿಯುವುದೊಂದು ಬಾಕಿ. ಮೂರನೆಯ ದಿನ ಮಧ್ಯಾಹ್ನದವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಅಂಗಡಿಗೆ ಹೋಗುತ್ತೇನೆ ಅಂದರು.

ಮೂರನೆಯ ದಿನ ಹಿಂದೂಪುರದ ಮೊದಲ ಬಸ್ಸಿನಿಂದ ಅಕ್ಕ ಇಳಿದಳು. ಕಂಕುಳಲ್ಲಿ ಟೂಲ್ ಚೀಲ, ಸೆರಗಿನ ತುದಿಯಲ್ಲಿ ಒಂದು ಗಂಟು. ಗಂಟು ಬಿಚ್ಚಿದರೆ ಆರು ಪುಟಾಣಿ ಬಲ್ಬು, ಒಂದೊಂದಕ್ಕೂ ಎರಡೆರಡು ಸೂಜಿಯಂಥ ಕಾಲು.

"ಇವು ಹಾಯಿದೋಣಿ ಬಲ್ಬು ಕಣಮ್ಮ! ಸಮುದ್ರದಾಗ್ ಓಡಾಡೋವು!" ಅಂದಳು. ಕಣ್ಣು ಮಿನುಗುತ್ತಿದ್ದವು. ಜನ್ಮದಲ್ಲಿ ಸಮುದ್ರ ನೋಡದವಳು!

ಆದದ್ದಿಷ್ಟು. ಅಕ್ಕನ ಯಜಮಾನರು ಹುಣಸೆಹಣ್ಣಿನ ಲೋಡು ತೆಗೆದುಕೊಂಡು ಮಂಗಳೂರಿಗೆ ಹೋಗುವ ಲಾರಿ ಡ್ರೈವರು. ಹಿಂದೊಮ್ಮೆ ಅಲ್ಲಿ ದಡಕ್ಕೆ ಎಳೆದಿಟ್ಟ ಹಾಯಿದೋಣಿಯೊಂದನ್ನು ನೋಡಿದ್ದರಂತೆ. ಅದರೊಳಗೊಂದು ಪುಟ್ಟ ಕೋಣೆ, ಮಂಚ, ಒಲೆ. ದೀಪವೆಲ್ಲ ಬ್ಯಾಟರಿಯ ಮೇಲೆ, ನನ್ನ ವ್ಯಾನಿನ ಹಾಗೆಯೇ. ಅದರ ಧಣಿ ಹ್ಯಾಲೋಜನ್ ಕಿತ್ತು ಎಲ್ಇಡಿ ಹಾಕುತ್ತಿದ್ದ. ತಿಂಗಳುಗಟ್ಟಲೆ ಅದರಡಿ ಬದುಕಬೇಕಲ್ಲ, ಅದಕ್ಕೇ ಹಳೆಯ ದೀಪದ ಬಣ್ಣವೇ ಬರುವಂಥ ಬಲ್ಬು ಹುಡುಕಿ ತಂದಿದ್ದನಂತೆ. ಹೆಂಡತಿಗೆ ಇಷ್ಟವಾದೀತೆಂದು ಅವರು ಅದನ್ನು ಮನೆಗೆ ಬಂದು ಹೇಳಿದ್ದರು. ನಾನು ಬೈದ ದಿನ ಅವರು ಮಂಗಳೂರಿನಲ್ಲೇ ಇದ್ದರು. ಅಕ್ಕ ಫೋನಿನಲ್ಲೇ ಹುಕುಂ ಮಾಡಿದ್ದಳು: "ಮೊದ್ಲು ಕುಂಕುಮ ತಗಾ. ಒಂದೊಂದು ಬಲ್ಬಿನ್ ಕೆಳ್ಗೂ ಹಿಡ್ದು ನೋಡು. ಕೆಂಪಗ್ ಕಂಡ್ರೇನೇ ತಗೊಂಬಾ." ಆ ಆರಡಿಯ ಮನುಷ್ಯ ಕುಂಕುಮದ ಪೊಟ್ಟಣ ಹಿಡಿದು ದೋಣಿ ಸಾಮಾನಿನ ಅಂಗಡಿಯಲ್ಲಿ ಬಲ್ಬು ಬಲ್ಬಿಗೂ ತೋರಿಸುತ್ತಿದ್ದರೆ ಅಂಗಡಿಯವನು, "ಪೂಜೆಯೆಲ್ಲ ಮನೆಯಲ್ಲಿ ಮಾಡಿ ಮಾರಾಯ್ರೆ" ಅಂದನಂತೆ! ಅಕ್ಕ ಇದನ್ನು ಹೇಳುವಾಗ ಅಳುಮುಖದ ನಾನೂ ನಕ್ಕುಬಿಟ್ಟೆ.

ವ್ಯಾನು ಹತ್ತಿ ಹಳೆಯ ಬಲ್ಬುಗಳನ್ನು ಕಿತ್ತು ಹೊಸವನ್ನು ಚುಚ್ಚಿದಳು. ಐದು ಹತ್ತಿಕೊಂಡವು. ಆರನೆಯದು ಕಪ್ಪಗೇ ಉಳಿಯಿತು. "ಪ್ಲಸ್ಸು ಮೈನಸ್ಸು ಉಲ್ಟಾ ಆಗೈತೆ, ತಡಿ" ಅಂತ ಕಿತ್ತು ತಿರುಗಿಸಿ ಚುಚ್ಚಿದಳು. ಹತ್ತಿಕೊಂಡಿತು! ಬೆಣ್ಣೆ ಕಾಯಿಸಿದಂಥ ಬಣ್ಣದ ಬೆಳಕು. ಆಮೇಲೆ ದೀಪದ ಕೆಳಗೆ ಬಂದು, ಮುಖ ಎತ್ತಿ, ನನ್ನ ಎದುರು ನಿಂತಳು.

"ನನ್ ಮುಖ ನೋಡಲ್ಲ ಅಂದ್ಯಲ್ಲ. ಈಗ ನೋಡ್ಲೇಬೇಕು. ಹಣೆ ನೋಡು. ಏನ್ ಬಣ್ಣ ಐತೆ?"

"ಕೆಂಪಗೈತೆ" ಅಂದೆ.

ಕೈಹಿಡಿದು ದರದರ ಎಳೆದುಕೊಂಡು ಬಿಸಿಲಿಗೆ ತಂದಳು. "ಈಗ?"

"ಅದೇ ಕೆಂಪು ಕಣಕ್ಕಾ! ಅದೇ!"

"ಏಂ ಕಾದು ಪೋ" ಅಂದಳು. ಆ ಮಾತು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

ದೊಡ್ಡಮ್ಮನನ್ನು ಕರೆದು ವ್ಯಾನಿನಲ್ಲಿ ಕೂರಿಸಿ ಥಾನುಗಳನ್ನೆಲ್ಲ ಮತ್ತೆ ಹರವಿದೆ. ಸರಿಯಾದ ಕೆಂಪು ನನ್ನ ಹತ್ತಿರವೇ ಇತ್ತು! ಆ ಸುಳ್ಳು ಬೆಳಕಿನಲ್ಲಿ ಹೊಂದಲಿಲ್ಲವೆಂದು ನಾನೇ ಮೂಲೆಗೆ ತಳ್ಳಿದ್ದ ಥಾನು. ದೀಪದಡಿ ನೋಡಿ, ಬಾಗಿಲಿಗೆ ತಂದು ನೋಡಿ, ದೊಡ್ಡಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಂಡರು. "ಸರೀಗೈತೆ ಕಣಮ್ಮ, ಕೊಯ್ಯಿ" ಅಂದರು. ಹನ್ನೊಂದು ರವಿಕೆಯೂ ದರ್ಜಿಯ ಕೈಯಲ್ಲಿ ಮದುವೆಯ ಹಿಂದಿನ ದಿನ ಮುಗಿದವು. ಧಾರೆಯ ಹೊತ್ತಿಗೆ ಆ ಹನ್ನೊಂದು ಹೆಂಗಸರು ಸಾಲಾಗಿ ನಿಂತಾಗ ನಾನು ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಹತ್ತಿ ನೋಡಿದೆ. ನಾಚಿಕೆಯೇನೂ ಆಗಲಿಲ್ಲ. ಆ ಮದುವೆಯಿಂದಲೇ ನನಗೆ ಮುಂದಿನ ಐದು ಮದುವೆ ಸಿಕ್ಕವು.

ಮುಖ ನೋಡಲ್ಲ ಅಂದ ಆ ಹಾಳು ಮಾತಿಗೆ ನಾನು ಒಂದು ಸಲವೂ ತಪ್ಪಾಯಿತು ಅನ್ನಲಿಲ್ಲ. ಬಾಗಿಲ ವಿಷಯವನ್ನೂ ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಳ್ಳುತ್ತಲೇ ಇದ್ದೆ. ಆಕೆಗೆ ಅದು ಗೊತ್ತಿಲ್ಲದೆಯೇ ಇರಲಿಲ್ಲ. ಒಂದು ದಿನ ಬ್ಯಾಟರಿಗೆ ನೀರು ಹಾಕುತ್ತ, ತಲೆ ಎತ್ತದೆ, "ಬಾಗ್ಲಿಗ್ ತಂದ್ ನೋಡ್ತಿದ್ದೀಯಾ ಈಗ?" ಅಂತ ಕೇಳಿದಳು. "ನೋಡ್ತೀನಿ ಕಣಕ್ಕಾ" ಅಂದೆ. "ಹಂಗಿರ್ಬೇಕು" ಅಂದಳು, ಅಷ್ಟೇ.

ಹೋದ ವರ್ಷ ಅಕ್ಕ ಹೋಗಿಬಿಟ್ಟಳು. ಬೆಳಿಗ್ಗೆ ಅಂಗಡಿ ತೆರೆದವಳು, ಎದೆ ಹಿಡಿದುಕೊಂಡಿದೆ ಅಂತ ಸ್ಟೂಲಿನ ಮೇಲೆ ಕೂತವಳು ಏಳಲಿಲ್ಲ. ಅಂಗಡಿಯ ಮುಂದೆಯೇ ಮಲಗಿಸಿದ್ದರು. ಲಾರಿಗಳು ಸಾಲಾಗಿ ನಿಂತುಬಿಟ್ಟಿದ್ದವು. ಯಜಮಾನರು ಹಣೆಗೆ ಕುಂಕುಮ ಇಟ್ಟರು, ರೂಪಾಯಿ ಅಗಲ, ಆಕೆ ಇಟ್ಟುಕೊಳ್ಳುತ್ತಿದ್ದಷ್ಟೇ. ಮೇಲೆ ಒಳ್ಳೆ ಬಿಸಿಲು. ಎಲ್ಲರೂ ನೆರಳಿಗೆ ಸರಿದರು. ಮುಖ ನೋಡಲ್ಲ ಅಂದಿದ್ದ ನಾನು, ಎತ್ತುವವರೆಗೂ ಅಲ್ಲೇ ನಿಂತು ಆ ಮುಖವನ್ನೇ ನೋಡಿದೆ.