ಜೋಲಣ್ಣನ ಕಿವಿ

ಬೀದಿಯವರೆಲ್ಲ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಕ್ಷೌರದಂಗಡಿ ಇಟ್ಟವನಿಗೆ ಇಂಥ ಹೆಸರು ಬಿದ್ದದ್ದೇ ಒಂದು ತಮಾಷೆ. ಗಿರಾಕಿಯ ತಲೆಯನ್ನು ಎರಡು ಬೆರಳಿನಿಂದ ಆಚೆ ಈಚೆ ತಿರುಗಿಸಿ, ಕಿವಿಯನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಮಡಚಿ, ಅದರ ಹಿಂದಿನ ಕೂದಲನ್ನು ನಯವಾಗಿ ತೆಗೆದು, ಕೊನೆಗೆ "ಆಯ್ತು" ಎನ್ನುತ್ತಿದ್ದ. ಅಷ್ಟೇ ಮಾತು. "ಇವರ ಪಾಲಿನ ಮಾತೂ ನನ್ನ ಬಾಯಿಗೇ ಬಂದು ಬಿದ್ದಿದೆ" ಎಂದು ಹೆಂಡತಿ ನಗುತ್ತಿದ್ದಳು. ಅಂಗಡಿಯ ಬೆನ್ನಿಗೇ ಮನೆ. ಎರಡು ಕೋಣೆ, ಅಡುಗೆಮನೆ, ಟವೆಲ್ ಒಣಹಾಕುವ ಹಿತ್ತಿಲು. ಮಕ್ಕಳಾಗಲಿಲ್ಲ.

ಆ ಮನೆಗೆ ನಾಯಿ ಬಂದದ್ದು ಒಬ್ಬ ಮುದುಕ ಗಿರಾಕಿಯಿಂದ. ಪ್ರಾಯದಲ್ಲಿ ಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದ ಮನುಷ್ಯ. ತನ್ನ ಮನೆಯ ಸ್ಪೇನಿಯಲ್ ಜಾತಿಯ ಬೇಟೆನಾಯಿ ಮರಿ ಹಾಕಿದಾಗ ಒಂದನ್ನು ಎತ್ತಿಕೊಂಡು ಬಂದು ಮೌನಿಯ ಹೆಂಡತಿಯ ಮಡಿಲಿಗೆ ಹಾಕಿದ. ತಾಮ್ರದ ಬಣ್ಣ, ತಟ್ಟೆಗೆ ಬಾಯಿ ಹಾಕಿದರೆ ಮೊದಲು ತಾನೇ ಮುಳುಗುವಷ್ಟು ಉದ್ದದ ಕಿವಿ.

"ಇದರ ವಂಶ ಏನು ಗೊತ್ತೇನಮ್ಮಾ? ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸೋದು. ಹೊಡೆದ ಹಕ್ಕೀನ ಕೆಸರು ನೀರು ಅನ್ನದೆ ಹೋಗಿ ಕಚ್ಚಿಕೊಂಡು ಬರೋದು. ಒಂದು ಗರಿ ಮುರಿಯಲ್ಲ, ಅಷ್ಟು ಮೆತ್ತಗಿನ ಬಾಯಿ. ಮನಸ್ಸೂ ಹಾಗೇ, ಗದರಿದ್ರೆ ಕುಗ್ಗಿಹೋಗುತ್ತೆ. ದಿನಾ ಕೂದಲು ಬಾಚು. ಕಿವಿ ಮಾತ್ರ ಮರೀಬೇಡ. ಜೋತುಬಿದ್ದ ಕಿವಿಯೊಳಗೆ ಗಾಳಿ ಆಡಲ್ಲ, ಎತ್ತಿ ಒರೆಸದಿದ್ರೆ ಕೊಳೆಯುತ್ತೆ."

"ಹಾಗಾದ್ರೆ ಇವನು ನಮ್ಮ ಜೋಲಣ್ಣ" ಎಂದಳು ಅವಳು.

ಜೋಲಣ್ಣ ಅವಳ ಸೆರಗಿನ ತುದಿಯಾಯಿತು. ಅವಳು ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಲ್ಲಿ, ಒಲೆ ಮುಂದೆ ಕೂತರೆ ಅಡುಗೆಮನೆಯಲ್ಲಿ. ಖುಷಿಯಾದರೆ ಬಾಲವಷ್ಟೇ ಅಲ್ಲ, ಸೊಂಟದಿಂದ ಹಿಂದೆ ಇದ್ದದ್ದೆಲ್ಲ ಅಲ್ಲಾಡುತ್ತಿತ್ತು. ಒಣಗಿದ ಟವೆಲ್ಲುಗಳನ್ನು ಹಿತ್ತಿಲಿನಿಂದ ಅಂಗಡಿಗೆ ಬಾಯಲ್ಲೇ ತಂದುಕೊಡುತ್ತಿತ್ತು. ಹುಡುಕಿದರೂ ಒಂದು ಹಲ್ಲಿನ ಗುರುತು ಸಿಗುತ್ತಿರಲಿಲ್ಲ. "ಮೌನೀ, ಮಾಲೀಕ ಅವನೋ ನೀನೋ?" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಅವಳು ಅದರ ತಲೆಯನ್ನು ತೊಡೆಗೆಳೆದುಕೊಂಡು ಕಿವಿ ಎತ್ತಿ ಒರೆಸುವಳು. ಒರೆಸುತ್ತ ಒರೆಸುತ್ತ ಬೀದಿಯ ಸುದ್ದಿಯನ್ನೆಲ್ಲ ಅದರೊಳಗೆ ಸುರಿಯುವಳು. "ಕೇಳಿದ್ಯಾ ಜೋಲಣ್ಣ, ಮೂಲೆಮನೆ ಸೊಸೆ ಅತ್ತೆ ಹತ್ರ ಮತ್ತೆ ಮಾತು ಬಿಟ್ಟಳಂತೆ." ಮೌನಿ ಒಳಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಊರ ಸುದ್ದಿ ಅವನನ್ನು ತಲುಪುತ್ತಿದ್ದದ್ದೇ ಹಾಗೆ, ನಾಯಿಯ ಕಿವಿಯ ಮೂಲಕ.

ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಎದೆಗೆ ಕಫ ಕಟ್ಟಿ, ಮಾತು ತುಂಬಿದ್ದ ಬಾಯಿ ನೋಡನೋಡುತ್ತಿದ್ದಂತೆ ನಿಂತುಹೋಯಿತು.

ಮೌನಿ ನಾಯಿಗೆ ಅನ್ನ ಹಾಕುವುದನ್ನು ತಪ್ಪಿಸಲಿಲ್ಲ. ಬಾಚಣಿಗೆ ಹಿಡಿದ ಕೈ, ಮೈಯ ಕೂದಲನ್ನೂ ದಿನಾ ಬಾಚಿತು. ಆದರೆ ಆ ಮೆಟ್ಟಿಲ ಮೇಲೆ ಹೋಗಿ ಕೂರಲು ಮಾತ್ರ ಅವನಿಂದ ಆಗಲಿಲ್ಲ. ಅದು ಅವಳ ಜಾಗ. ಅಲ್ಲಿ ನಡೆಯುತ್ತಿದ್ದ ಕೆಲಸವೂ ಅವಳ ಜೊತೆಗೇ ಹೋಯಿತು.

ಜೋಲಣ್ಣ ಹಿತ್ತಿಲ ಬಾಗಿಲಿಗೆ ಮುಖಮಾಡಿ ಮಲಗಿತು. ಮೊದಮೊದಲು ಕರೆದರೆ ಬರುತ್ತಿತ್ತು. ಆಮೇಲೆ ಎರಡು ಮೂರು ಸಲ ಕರೆಯಬೇಕಾಯಿತು. ಆಮೇಲೆ ಅದೂ ಇಲ್ಲ. ತಲೆ ಕೊಡವಿ, ಗೋಡೆಗೆ ಕೆನ್ನೆ ಉಜ್ಜಿ, ಅತ್ತ ತಿರುಗಿ ಮಲಗುತ್ತಿತ್ತು. ಒಂದು ದಿನ ಅವನ ತಾಳ್ಮೆ ಕೆಟ್ಟಿತು. ಜೀವಮಾನದಲ್ಲಿ ಎತ್ತದ ದನಿ ಎತ್ತಿ ಬೈದ. "ನಾನಂದ್ರೆ ಇಷ್ಟು ಸಸಾರಾನಾ ನಿನಗೆ? ಅವಳಿಗೆ ಮಾತ್ರಾನಾ ನೀನು? ಅವಳು ಇನ್ನು ಬರಲ್ಲ ಕಣೋ!" ಅವಳು ಬರೀ ಹೂಂ ಎಂದು ಗದರಿದರೆ ಮಂಚದಡಿ ಸೇರುತ್ತಿದ್ದ ನಾಯಿ, ಒಂದು ಕೂದಲೂ ಅಲುಗಿಸಲಿಲ್ಲ.

ಅದು ಅವನ ಎದೆಗೆ ನಾಟಿತು. ಹೆಂಡತಿ ಬಿಟ್ಟುಹೋದದ್ದು ಅದೊಂದೇ ಜೀವ. ಅದಕ್ಕೂ ತಾನು ಬೇಡ. ನಾದಿನಿಗೆ ಹೇಳಿಕಳಿಸಿದ. "ಕರ್ಕೊಂಡು ಹೋಗಮ್ಮ. ನಿನ್ನದು ಅಕ್ಕನದೇ ದನಿ. ನಿನ್ನ ಹತ್ರ ಆದ್ರೂ ಬರುತ್ತೆ."

ಅವಳು ಬಂದು, ಚಪ್ಪಲಿ ಬಿಡುತ್ತಲೇ "ಜೋಲಣ್ಣಾ..." ಎಂದು ಕೂಗಿದಳು. ಅಡುಗೆಮನೆಯಲ್ಲಿದ್ದ ಮೌನಿ ದಡಬಡಿಸಿ ಬಾಗಿಲಿಗೆ ಬಂದ. ಸತ್ತವಳೇ ಕರೆದ ಹಾಗಿತ್ತು. ನಾಯಿ ಮಾತ್ರ ತಲೆ ಎತ್ತಲಿಲ್ಲ.

ಅವಳು ಹತ್ತಿರ ಹೋಗಿ ಬೆನ್ನು ಮುಟ್ಟಿದಳು. ಅದು ಬೆಚ್ಚಿ ಹಾರಿ ಎದ್ದು, ಮುಖ ನೋಡಿ, ಗುರುತು ಹಿಡಿದು ಮೈಯೆಲ್ಲ ಅಲ್ಲಾಡಿಸಿತು. ತಲೆಯನ್ನು ತೊಡೆಗೆಳೆದುಕೊಂಡು ಕಿವಿ ಎತ್ತಿದವಳು ಮೂಗು ಮುಚ್ಚಿಕೊಂಡಳು.

"ಭಾವ, ಇದರ ಕಿವಿ ನೋಡಿದ್ದೀರಾ?"

ಅವನು ಹತ್ತಿರ ಬಂದು ಬಗ್ಗಿ ನೋಡಿದ.

"ಬೆಳಗಿಂದ ಸಂಜೆವರೆಗೂ ಊರವರ ಕಿವಿ ಮಡಚ್ತೀರಲ್ಲ ಭಾವ..." ಎಂದವಳು ಅವನ ಮುಖ ನೋಡಿ ಮಿಕ್ಕದ್ದನ್ನು ನುಂಗಿಕೊಂಡಳು.

ಪ್ರಾಣಿಗಳ ಡಾಕ್ಟರು ಸಣ್ಣ ದೀಪ ಹಿಡಿದು ಎರಡೂ ಕಿವಿ ನೋಡಿದರು. "ನೋವು ಕಡಿಮೆ ಮಾಡಬಹುದು. ಕೇಳಿಸೋದು ಮಾತ್ರ ಹೋಯ್ತು, ಇನ್ನು ಬರಲ್ಲ."

"ಕರೆದ್ರೆ ಬರ್ತಾ ಇರಲಿಲ್ಲ" ಎಂದ ಮೌನಿ, ಚಾಡಿ ಹೇಳುವ ಮಗುವಿನಂತೆ.

"ಹೇಗೆ ಬರುತ್ತೆ? ಕೇಳಿಸಬೇಕಲ್ಲ."

ನಾಯಿಯನ್ನು ಎತ್ತಿಕೊಂಡೇ ನಡೆದ. ಮನೆ ಹತ್ತಿರ ಬಂದಾಗ, ಜೊತೆಗಿದ್ದ ನಾದಿನಿಗೆ, "ನೀನೇ ಒಯ್ದುಬಿಡು. ನನ್ನ ಕೈಲಿ ಹಾಳಾಯ್ತು" ಎಂದ.

"ಹೊಸ ಮನೇಲಿ ಪಾಪ, ದಿಕ್ಕು ತಿಳಿಯಲ್ಲ ಇದಕ್ಕೆ. ಇಲ್ಲಾದ್ರೆ ಅಕ್ಕನ ವಾಸನೆ ಇದೆ. ನಿಮ್ಮದೂ ಇದೆ."

"ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ ಕಣಮ್ಮ."

"ಅದಕ್ಕೆ ಕೇಳಿಸಿಲ್ಲ ಬಿಡಿ ಭಾವ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಸಂಜೆ ಅವನು ಮೆಟ್ಟಿಲ ಮೇಲೆ ಕೂತ. ಕಿವಿಯನ್ನು ಹೆಬ್ಬೆರಳಿನಲ್ಲಿ ಮಡಚಿ, ಒರೆಸಿ, ಔಷಧಿ ಬಿಟ್ಟ. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ತಾನಾಗಿ ತೆರೆದುಕೊಂಡಿತು. "ಮೂಲೆಮನೆ ಸೊಸೆ ಅತ್ತೆ ಜೊತೆ ಈಗ ಮಾತಾಡ್ತಾಳಂತೆ ಕಣೋ." ಜೋಲಣ್ಣ ಅವನ ತುಟಿಯನ್ನೇ ನೋಡುತ್ತ ಮಲಗಿತ್ತು. ಅಂದಿನಿಂದ ದಿನಾ ಹೇಳಿದ. ಹೆಂಡತಿಗೆ ಹೇಳದೆ ಉಳಿಸಿಕೊಂಡದ್ದನ್ನೂ ಹೇಳಿದ.

ಹಿಂದಿನಿಂದ ಹೋಗಿ ಮುಟ್ಟಿದರೆ ಬೆಚ್ಚುತ್ತಿತ್ತಲ್ಲ, ಅದಕ್ಕೆ ಅಂಗಡಿಯಿಂದ ಮನೆಯೊಳಗೆ ಬರುವಾಗ ಹೊಸ್ತಿಲ ಹಲಗೆಯ ಮೇಲೆ ಕಾಲಿನಿಂದ ಧಡ್ ಎಂದು ತಟ್ಟುತ್ತಿದ್ದ. ನೆಲ ನಡುಗಿದರೆ ಸಾಕು, ಜೋಲಣ್ಣ ಎದ್ದು ಬರುತ್ತಿತ್ತು. ಹಾಗೇ ಕೆಲವು ವರ್ಷ ಎದ್ದು ಬಂದು, ಒಂದು ಮಧ್ಯಾಹ್ನ ಎಷ್ಟು ತಟ್ಟಿದರೂ ಏಳಲಿಲ್ಲ.

ಮೌನಿ ಈಗಲೂ ಒಳಗೆ ಹೋಗುವ ಮುಂಚೆ ಹೊಸ್ತಿಲ ಮೇಲೆ ಕಾಲು ತಟ್ಟುತ್ತಾನೆ, ಒಂದು ಗಳಿಗೆ ನಿಲ್ಲುತ್ತಾನೆ. ಹೊಸ ಗಿರಾಕಿಗಳು, ಚಪ್ಪಲಿಗೆ ಅಂಟಿದ ಕೂದಲು ಕೊಡವುತ್ತಿದ್ದಾನೆ ಎಂದುಕೊಳ್ಳುತ್ತಾರೆ.