ಎರಡು ಹೊತ್ತು ನೋಡಿ ಕೊಂಡ ಎಂಜಿನ್ನು

ಎಂಜಿನ್ನಿಗೆ ಬೆಲೆ ಕಟ್ಟುವುದನ್ನು ನನಗೆ ಕಲಿಸಿದವನು ಜನ್ಮದಲ್ಲಿ ಒಂದು ಸಲವೂ ಸ್ಟೇರಿಂಗ್ ಹಿಡಿಯದ ನನ್ನ ಸೋದರಮಾವ. ಕ್ಯಾಸಂಬಳ್ಳಿಯ ಹತ್ತಿರ ಅವನಿಗೆ ನಾಲ್ಕು ಸೀಮೆಹಸು, ಒಂದಿಷ್ಟು ರಾಗಿ ಹೊಲ. ಸುತ್ತಲಿನ ಊರುಗಳಲ್ಲಿ ಯಾರು ಹಸು ಕೊಳ್ಳುವುದಿದ್ದರೂ ಅವನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಎಂಜಿನ್ನು ಕೊಳ್ಳುವುದಕ್ಕೆ ಕರೆದುಕೊಂಡು ಹೋದೆ. ಜೊತೆಗೊಬ್ಬ ಮೀಸೆಯ ಗಂಡಸು ನಿಂತಿದ್ದರೆ ಅಂಗಡಿಯವನು ಬಾಯಿಗೆ ಬಂದ ರೇಟು ಹೇಳಲಾರ ಎಂಬುದಷ್ಟೇ ನನ್ನ ಲೆಕ್ಕಾಚಾರ. ಅವನು ಬಾಯಿ ಬಿಡುವುದು ಬೇಕಿರಲಿಲ್ಲ.

ನನ್ನದು ಹಳೆಯ ವ್ಯಾನು. ನಸುಕಿನಲ್ಲಿ ನಮ್ಮ ಕಡೆಯ ಹೆಂಗಸರನ್ನು ಕೂರಿಸಿಕೊಂಡು ಬಂಗಾರಪೇಟೆ ಸ್ಟೇಷನ್ನಿಗೆ ಬಿಡುತ್ತೇನೆ. ಅವರು ಅಲ್ಲಿಂದ ರೈಲು ಹತ್ತಿ ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುತ್ತಾರೆ. ಒಂದು ಮಧ್ಯಾಹ್ನ ಬಾಡಿಗೆಗೆಂದು ಬೇತಮಂಗಲಕ್ಕೆ ಹೋಗಿ ಬರುವಾಗ ನೀರಿನ ಪೈಪು ಒಡೆದು, ನಾನು ಗಮನಿಸುವಷ್ಟರಲ್ಲಿ ಎಂಜಿನ್ನು ಕಾದು ಜಾಮಾಗಿತ್ತು. ನಮ್ಮ ಪಕ್ಕದ ಕೋರಮಂಡಲ್‌ನ ಮೆಕ್ಯಾನಿಕ್ ಅದನ್ನು ಕೆಳಗಿಳಿಸಿ ಟಾರ್ಚ್ ಬಿಟ್ಟು ತೋರಿಸಿದ. ಬ್ಲಾಕಿನ ಪಕ್ಕದಲ್ಲಿ, ಗ್ರೀಸಿನ ಜಿಡ್ಡಿನ ಕೆಳಗೆ, ಕೂದಲೆಳೆಯಂಥ ಬಿರುಕು. ಇದಕ್ಕೆ ದುಡ್ಡು ಸುರಿಯಬೇಡ, ರಿಪೇರಿ ಮಾಡಿ ಮಾರುವ ಬೇರೆ ಎಂಜಿನ್ನು ತಂದು ಕೂರಿಸು ಎಂದ.

ಸೋಮವಾರದವರೆಗೆ ಹೇಗೋ ಸುಧಾರಿಸುತ್ತೇವೆ, ಆಮೇಲೆ ಬೇರೆ ಗಾಡಿ ನೋಡಿಕೊಳ್ಳಬೇಕಾಗುತ್ತದೆ ಎಂದು ಹೆಂಗಸರು ಹೇಳಿದರು. ನನಗೆ ಸಿಟ್ಟು ಬಂತು. ಆದರೆ ಅವರದೇನು ತಪ್ಪು, ರೈಲು ನನಗಾಗಿ ನಿಲ್ಲುತ್ತದೆಯೇ? ಆ ಬಾಡಿಗೆ ಕೈತಪ್ಪಿದರೆ ನನ್ನ ಮನೆಯ ಖರ್ಚು ನಡೆಯುವ ಹಾಗಿರಲಿಲ್ಲ.

ಬಂಗಾರಪೇಟೆಯ ಹಳೇ ಎಂಜಿನ್ನುಗಳ ಅಂಗಡಿಗೆ ನಾವು ಹೋದದ್ದು ಶುಕ್ರವಾರ ಸಂಜೆ. ಕಪ್ಪು ಬಣ್ಣ ಬಳಿದ ಎಂಜಿನ್ನೊಂದನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದರು. ಅಂಗಡಿಯವನು ಬ್ಯಾಟರಿ ಕೊಟ್ಟ ಕೂಡಲೇ ಅದು ಹಿತವಾದ ದನಿಯಲ್ಲಿ ಓಡತೊಡಗಿತು. ಮೂವತ್ತೈದು ಸಾವಿರ ಎಂದ. ನನ್ನ ಹಳೆಯದನ್ನು ಕೊಟ್ಟರೆ ಒಂಬತ್ತು ಕಳೆಯುತ್ತೇನೆ ಎಂದ. ನನ್ನ ಚೀಲದಲ್ಲಿ ಇದ್ದದ್ದೂ ಇಪ್ಪತ್ತಾರೇ. ನನ್ನ ಕೈ ಆಗಲೇ ಚೀಲದ ಜಿಪ್ಪಿನ ಮೇಲಿತ್ತು.

"ಬೆಳಿಗ್ಗೆ ಬತ್ತೀವಪ್ಪ. ನಾವು ಬರೋಗಂಟ ಇದನ್ನ ಯಾರೂ ಮುಟ್ಟಬ್ಯಾಡಿ," ಎಂದ ಮಾವ.

ಅಂಗಡಿಯವನು ನಕ್ಕ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹೊರಗೆ ಬಂದು, "ನಿಂಗೇನು ತಲೆಗಿಲೆ ಕೆಟ್ಟೈತಾ ಮಾವ? ಇವತ್ತೇ ತಗೊಂಡಿದ್ರೆ ನಾಳೆ ಕೂರಿಸಬೋದಿತ್ತು," ಎಂದು ರೇಗಿದೆ.

"ಅಸು ತರೋವಾಗ ಎರಡು ಒತ್ತು ಕರೆದು ನೋಡ್ದೆ ದುಡ್ಡು ಕೊಡ್ತೀವಾ? ಮಾರೋನು ಬೆಳಿಗ್ಗೆ ಕರೀದಂಗೆ ಬಿಟ್ಟು, ಸಂಜೆ ತುಂಬಿದ ಕೆಚ್ಚಲು ತೋರುಸ್ತಾನೆ. ಇದೂ ಅಂಗೇ ಕಣಮ್ಮ. ನಾವು ಬರೋ ಮುಂಚೇನೇ ಓಡಿಸಿ ಬಿಸಿ ಮಾಡಿ ಮಡಗಿದ್ದ. ನಾನು ಕೈಯಿಟ್ಟು ನೋಡ್ದೆ."

ಎಂಜಿನ್ನಿಗೂ ಹಸುವಿಗೂ ಏನು ಸಂಬಂಧ ಎಂದು ಗೊಣಗುತ್ತಲೇ ಬಸ್ಸು ಹತ್ತಿದೆ. ಆದರೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿಸಿ ನೋಡದೆ ಬೆಲೆ ಮಾತಾಡಬಾರದು ಎಂದು ಮೆಕ್ಯಾನಿಕ್ ಕೂಡ ಹೇಳಿದ್ದು ದಾರಿಯಲ್ಲಿ ನೆನಪಾಯಿತು. ಅದನ್ನು ಮಾವನಿಗೆ ಹೇಳಲಿಲ್ಲ.

ಮಾರನೆಯ ದಿನ ಹಳೆಯ ಎಂಜಿನ್ನನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಹೊರಟೆವು. "ಬಿರುಕಿನ ವಿಷಯ ಎತ್ತಬ್ಯಾಡ, ನಿನ್ನ ದಮ್ಮಯ್ಯ," ಎಂದು ದಾರಿಯುದ್ದಕ್ಕೂ ಹೇಳಿದೆ. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬೀಡಿ ಸೇದುತ್ತ ಕೂತಿದ್ದ.

ಅಂಗಡಿಯ ಎಂಜಿನ್ನು ಈಗ ತಣ್ಣಗಿತ್ತು. ಚಾಲೂ ಆಗುವಾಗ ಕೊಂಚ ಸತಾಯಿಸಿತು. ನೀಲಿ ಹೊಗೆ ಒಂದಿಷ್ಟು ಬಂದು, ಆಮೇಲೆ ತಿಳಿಯಾಯಿತು. ಆಯಿಲ್ ಮುಚ್ಚಳ ತೆಗೆಸಿ ಅಂಗೈ ಅಡ್ಡ ಹಿಡಿದೆ. ಒಳಗಿನಿಂದ ಹಬೆ ನೂಕಿ ಬಂದರೆ ಅದು ಸವೆದ ಎಂಜಿನ್ನು. ಇದರಲ್ಲಿ ಅಷ್ಟೇನೂ ಬರಲಿಲ್ಲ. ಚಳಿಗೆ ಹೊಗೆ ಬಂದೇ ಬರುತ್ತದೆ ಎಂದ ಅಂಗಡಿಯವನು. ನನ್ನ ಎಂಜಿನ್ನನ್ನು ಒಂದು ಸುತ್ತು ನೋಡಿ, "ಸರಿ ಅಕ್ಕಾ, ಒಂಬತ್ತು ಕಳೀತೀನಿ," ಎಂದ.

ಮಾವ ಬಗ್ಗಿ ತನ್ನ ಟವೆಲಿನ ತುದಿಯಿಂದ ಬ್ಲಾಕಿನ ಜಿಡ್ಡನ್ನು ಉಜ್ಜಿದ. "ಇಲ್ಲಿ ನೋಡಪ್ಪ, ಬಿರುಕು ಬಿಟ್ಟೈತೆ. ನೋಡ್ಕೊಂಡು ಬೆಲೆ ಯೇಳು."

ಅಂಗಡಿಯವನು ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿ ನೋಡಿದ. ಗುಜರಿ ರೇಟು ಅಷ್ಟೇ, ನಾಲ್ಕು ಎಂದ. ಐದು ಸಾವಿರ ಒಂದೇ ಮಾತಿಗೆ ಹೋಯಿತು. ನಾಲ್ಕು ಜನ ಇದ್ದಾರೆ ಅನ್ನುವುದನ್ನೂ ನೋಡದೆ ಮಾವನ ಮೇಲೆ ಹರಿಹಾಯ್ದೆ. ನೀನು ನನ್ನ ಕಡೆಯವನೋ ಅವನ ಕಡೆಯವನೋ ಎಂದು ಕೇಳಿದೆ. ಕಣ್ಣಲ್ಲಿ ನೀರು ಬಂದದ್ದು ಇನ್ನೂ ಸಿಟ್ಟು ತರಿಸಿತು. ಮಾವ ಟವೆಲಿನ ಜಿಡ್ಡು ಉಜ್ಜುತ್ತ ನಿಂತಿದ್ದ.

ಅಂಗಡಿಯವನು ಎದ್ದು ತನ್ನ ಎಂಜಿನ್ನಿನ ಹತ್ತಿರ ಹೋದ. "ಯಜಮಾನ್ರೇ, ನಮ್ದೂ ಒಂದು ಮಾತು. ಇದ್ರಲ್ಲಿ ಒಂದು ಪಿಸ್ಟನ್ನಿಗೆ ಹಳೇ ರಿಂಗೇ ಹಾಕಿದೀವಿ. ಓಡುತ್ತೆ, ಆದ್ರೆ ಆಯಿಲ್ ಕುಡಿಯುತ್ತೆ. ಮಧ್ಯಾಹ್ನದೊಳಗೆ ಹೊಸಾದು ಹಾಕಿಸ್ತೀನಿ, ಮೂರು ಸಾವಿರಾನೂ ಬಿಡ್ತೀನಿ."

ಆಗಲೂ ಎರಡು ಸಾವಿರ ಕಡಿಮೆ ಬಿತ್ತು. ಮಾವ ಬನಿಯನ್ನಿನ ಜೇಬಿನಿಂದ ಹಾಲಿನ ದುಡ್ಡು ತೆಗೆದು ನನ್ನ ಕೈಗೆ ಕೊಡದೆ ನೇರ ಅವನಿಗೇ ಕೊಟ್ಟ. ನಾನು ಥ್ಯಾಂಕ್ಸ್ ಹೇಳುವ ಸ್ಥಿತಿಯಲ್ಲಿರಲಿಲ್ಲ. ರಿಂಗು ಬದಲಾಯಿಸುವವರೆಗೆ ಅಂಗಡಿಯ ಮುಂದೆ ಕೂತಿದ್ದರೂ ಮಾವನ ಕಡೆ ತಿರುಗಲಿಲ್ಲ.

ವಾಪಸು ಬರುವಾಗ ಆಟೋದ ಹಿಂದೆ, ಎಂಜಿನ್ನಿನ ಪಕ್ಕದಲ್ಲೇ ಕೂತಿದ್ದೆವು. ಕೊನೆಗೂ ತಡೆಯಲಾರದೆ, "ಅಂಗಡಿಯೋನೇ ಕಣ್ಣಿಟ್ಟು ನೋಡಿ ಒಪ್ಪಿದ್ದ. ನಿಂಗ್ಯಾಕೆ ಬೇಕಿತ್ತು?" ಎಂದು ಕೇಳಿದೆ.

"ಅವ್ನು ಆ ಬಿರುಕು ಬಿಟ್ಟಿದ್ದಕ್ಕೆ ಬಣ್ಣ ಬಳ್ದು ಸ್ಟ್ಯಾಂಡ್ ಮ್ಯಾಲೆ ಕೂರುಸ್ತಿದ್ದ. ತಗೊಳ್ಳೋಕೆ ಯಾರು ಬತ್ತಾರೆ ಅಲ್ಲಿಗೆ? ಒಸದು ತಗೊಳ್ಳೋ ಸಾವುಕಾರ ಬತ್ತಾನಾ? ನಿನ್ನಂತೋಳೇ ಒಬ್ಳು ಬತ್ತಾಳೆ, ಚೀಲದಾಗೆ ಇರೋಬರೋದೆಲ್ಲ ಆಕ್ಕೊಂಡು."

ಭಾನುವಾರ ಎಂಜಿನ್ನು ಕೂರಿಸಿದರು. ಸೋಮವಾರ ನಸುಕಿನಲ್ಲಿ ಹೆಂಗಸರೆಲ್ಲ ಹತ್ತಿ ಕೂತರು. ಅವರಲ್ಲೊಬ್ಬಳು, "ಎಂಜಿನ್ನು ಒಳ್ಳೇದು ಸಿಕ್ತಾ ಅಕ್ಕಾ?" ಎಂದಳು. ಸಿಕ್ಕಿತು ಎಂದೆ. ಆದರೆ ಇದನ್ನೂ ಯಾರೋ ಒಬ್ಬರು ಹೀಗೇ ಆ ಅಂಗಡಿಗೆ ಹಾಕಿ ಹೋಗಿರಬೇಕಲ್ಲ! ಅವರ ಪಕ್ಕದಲ್ಲೂ ಬಾಯಿ ಮುಚ್ಚಿಕೊಂಡಿರದ ಒಬ್ಬ ಮಾವ ಇದ್ದಿದ್ದರೆ ಸಾಕು ಎಂದುಕೊಳ್ಳುತ್ತ ಕೀ ತಿರುಗಿಸಿದೆ.